ಕೈಗುಣ

ಬ್ಯಾಲರಾಟಿನ ಜುಲೈ. ಬೆಳಗಿನ ಐದೂಮುಕ್ಕಾಲು.
ಗಾಜಿಗೆ ಹತ್ತಿದ ಹಿಮವನ್ನು
ಲೈಬ್ರರಿ ಕಾರ್ಡಿನಿಂದ ಕೆರೆದು
ಕೀಲಿ ತಿರುಗಿಸಿದರೆ
ಟಕ್.
ಇನ್ನೊಮ್ಮೆ, ಟಕ್.
ನಮ್ಮ ಕಡೆ ಬೇಡ ಅನ್ನುವಾಗ
ನಾಲಿಗೆಯಲ್ಲಿ ಮಾಡುವ ಸದ್ದು.

ಹದಿನೇಳು ವರ್ಷದ ಕರೋಲಾ, ಬೂದಿ ಬಣ್ಣ.
ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕಿಯದು,
ಭಾನುವಾರ ಬಿಟ್ಟು ಹೊರಗೇ ತೆಗೆದಿಲ್ಲ
ಅಂತ ಆಣೆ ಮಾಡಿದ್ದ ಮಾರಿದವನು.
ಓಡಿದ್ದು ಎರಡು ಲಕ್ಷ ಎಂಬತ್ತು ಸಾವಿರ ಕಿಲೋಮೀಟರು.
ಆ ಊರಲ್ಲಿ ವಾರಕ್ಕೆ ಎಷ್ಟು ಭಾನುವಾರವೋ!

ಕ್ಲೂನ್ಸಿನ ದಾರಿಯಲ್ಲಿ ಒಮ್ಮೆ ಕೈ ಕೊಟ್ಟಿತು.
ಕುರಿಗಳು ಬೇಲಿಗೆ ಬಂದು ನಿಂತು ನೋಡಿದವು.
ನನ್ನ ಚೀಲದಲ್ಲಿ ಮಾರ್ಫಿನ್ನು,
ಹನ್ನೆರಡು ಕಿಲೋಮೀಟರಿನಾಚೆ
ಅದಕ್ಕಾಗಿ ಗಡಿಯಾರ ನೋಡುತ್ತ ಮಲಗಿದ್ದ ಡೆಸ್ಮಂಡ್.
ನಾನು ಮನೆಮನೆಗೆ ಹೋಗುವ ನರ್ಸು,
ವಾಸಿಯಾಗದವರ ಮನೆಗಳಿಗೆ.

ಹೈವೇ ಪಕ್ಕದ ಗ್ಯಾರೇಜಿನಲ್ಲಿ ಕಾಫಿ ಮಶೀನು, ಮೀನಿನ ತೊಟ್ಟಿ.
ಬಾನೆಟ್ ಎತ್ತುವ ಮೊದಲೇ ಪಟ್ಟಿ ಬಂತು:
ಆಲ್ಟರ್ನೇಟರು, ಸ್ಟಾರ್ಟರು, ಯಾವುದೋ ಸೆನ್ಸರು,
ಹದಿನೆಂಟು ನೂರು ಡಾಲರು.
ಕೊಟ್ಟೆ.
ಮೂರನೇ ವಾರಕ್ಕೆ ಮತ್ತೆ ಟಕ್.
ಇನ್ನೊಬ್ಬನ ಹತ್ತಿರ ಹೋದೆ.
ಪ್ರಶ್ನೆ ಕೇಳಿದ್ದು ನಾನು,
ಅವನು ಉತ್ತರ ಹೇಳಿದ್ದು ಪಕ್ಕದ ಮನೆಯ ಹದಿನೈದರ ಹುಡುಗನಿಗೆ.
ಸುಮ್ಮನೆ ಜೊತೆಗೆ ಬಂದಿದ್ದ, ಪಾಪ,
ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದ.

ಡೆಸ್ಮಂಡನನ್ನು ಮಣ್ಣು ಮಾಡಿದ ದಿನ
ಚಹಾ ಸುರಿಯುತ್ತ ಮೋರೀನ್ ಹೇಳಿದಳು:
ಸೆಬಾಸ್ಟೊಪೋಲಿನ ಹಿಂದಿನ ಓಣಿ. ಬೋರ್ಡಿಲ್ಲ.
ನಿಂಬೆಗಿಡ ಇದೆ. ಕಾರ್ಮೆನು ಅಂತ, ಮಾಲ್ಟಾದವನು.
ಮಾತು ಕಮ್ಮಿ. ಬೇಜಾರು ಮಾಡಿಕೋಬೇಡ.

ಅವನು ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಊರಿ
ಹಿಡಿಕೆಗೆ ಕಿವಿ ಕೊಟ್ಟ, ಕಣ್ಣು ಮುಚ್ಚಿ.
ನನಗರಿವಿಲ್ಲದೆ ನಾನೂ ಉಸಿರು ಬಿಗಿ ಹಿಡಿದೆ,
ಎದೆ ತನ್ನದೋ ಎಂಬಂತೆ.
ಆಮೇಲೆ ಒಂದು ತಂತಿ ಬಿಚ್ಚಿ
ನನ್ನ ಅಂಗೈಯಲ್ಲಿಟ್ಟ. ಹಸಿರು ಕಿಲುಬು.
ಇದು, ಅಂದ.
ಇಷ್ಟೇ?
ಇಷ್ಟೇ. ಹದಿನಾಲ್ಕು ಡಾಲರು, ಅರ್ಧ ಗಂಟೆಯ ಕೂಲಿ.
ಹಳೇ ಆಲ್ಟರ್ನೇಟರು ಯಾಕೆ ಬಿಟ್ಟು ಬಂದೆ ಅಂತ
ಬೈದ ಕೂಡ.

ಡಾಕ್ಟರಿಗೆ ಕೈಗುಣ ಬೇಕು ಅನ್ನುತ್ತಾರೆ ಗದಗಿನಲ್ಲಿ.
ಅದೇ ಗುಳಿಗೆ, ಅದೇ ಸೂಜಿ,
ಒಬ್ಬರು ಕೊಟ್ಟರೆ ಹತ್ತುತ್ತದೆ, ಇನ್ನೊಬ್ಬರು ಕೊಟ್ಟರೆ ಇಲ್ಲ.
ನರ್ಸಿಂಗ್ ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕಿಲ್ಲ.

ಎರಡು ಚಳಿಗಾಲ ಓಡಿತು.

ಹೋದ ವಾರ ಹಿಂದಿನಿಂದ ನೀಲಿ ಹೊಗೆ.
ಕಾರ್ಮೆನು ಕೆಳಗಿನಿಂದ ಎದ್ದು ಬಂದು
ರೇಡಿಯೋ ಆರಿಸಿದ.
ಬೆರಳು ಬೆರಳಾಗಿ ಕೈ ಒರೆಸಿಕೊಂಡ.
ಸ್ಟೂಲು ಎಳೆದು ನನ್ನ ಮುಂದೆ ಇಟ್ಟ.
ಸ್ಟೂಲು ಕಂಡೊಡನೆ ತಿಳಿಯಿತು.
ನಾನೂ ಹೀಗೇ ಕುರ್ಚಿ ಎಳೆಯುತ್ತೇನೆ,
ನಿಂತುಕೊಂಡು ಹೇಳುವ ಮಾತಲ್ಲ ಅದು.

ಮಾಡಬಹುದು, ಅಂದ. ಮೂರು ಸಾವಿರ.
ಬೇರೆಯವರು ಮಾಡಿಕೊಡುತ್ತಾರೆ.
ನಾನು ನಿನ್ನ ದುಡ್ಡು ತಗೊಳ್ಳಲ್ಲ.

ಎಷ್ಟು ದಿನ? ಅಂದುಬಿಟ್ಟೆ,
ಎಲ್ಲರೂ ಕೇಳುವ ಹಾಗೆ,
ಅದಕ್ಕೆ ಉತ್ತರವಿಲ್ಲ ಅಂತ
ನನ್ನಷ್ಟು ಗೊತ್ತಿದ್ದವರು ಇನ್ಯಾರು.
ಅವನೂ ನನ್ನ ಮಾತನ್ನೇ ಆಡಿದ:
ಹೇಳೋಕಾಗಲ್ಲ. ದೂರ ಹೋಗಬೇಡ.
ಎಣ್ಣೆ ನೋಡ್ತಾ ಇರು. ಚಳಿಗೆ ಬಿಡಬೇಡ.
ದುಡ್ಡು ಕೊಡಲು ಹೋದರೆ
ನಿಂಬೆಹಣ್ಣಿನ ಚೀಲ ತುರುಕಿದ, ಬಿದ್ದು ಕೊಳೀತಾ ಇವೆ, ಅಂತ.

ರಾತ್ರಿ ಬಾನೆಟ್ಟಿನ ಮೇಲೆ ಕೌದಿ ಹೊದಿಸಿದೆ.
ಎದುರು ಮನೆಯವರು ಪರದೆ ಸರಿಸಿ ನೋಡಿದರು. ನೋಡಲಿ.

ಬೆಳಗಿನ ಐದೂಮುಕ್ಕಾಲು.
ಕೌದಿ ತೆಗೆದು, ಕೂತು, ಕೀಲಿ ತಿರುಗಿಸಿದೆ.
ಮೊದಲ ತಿರುವಿಗೇ ಎದ್ದಿತು,
ಒಂದು ಕೆಮ್ಮಿಲ್ಲ, ನಡುಕವಿಲ್ಲ.

ಕಡೆಗಡೆಗೆ ಕೆಲವರು ಹೀಗೇ
ಒಂದು ಬೆಳಗ್ಗೆ ಎದ್ದು ಕೂತು
ಚಹಾ ಕೇಳುತ್ತಾರೆ, ಸಕ್ಕರೆ ಜಾಸ್ತಿ ಹಾಕು ಅನ್ನುತ್ತಾರೆ.
ಮನೆಯವರು ನನ್ನ ಮುಖ ನೋಡುತ್ತಾರೆ.

ಹೀಟರು ಹಚ್ಚಿದೆ.
ಎರಡನೇ ಗೇರಿನಲ್ಲೇ, ಮೆಲ್ಲಗೆ,
ಓಣಿ ದಾಟಿದೆ.